ಕೈಲಾಸಕ್ಕೂ ಕೈಗೂ ಏನು ನೆಂಟು?



ಹಳೆಯ ನೆನಪುಗಳನ್ನು ಈ ಸಲ ಬದಿಗಿಟ್ಟು ಒಂದು ತಕರಾರನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ಈಗ ಸ್ವತಃ ಶಿಕ್ಷಕರು. ಬಹುಮಂದಿ ಶಾಲೆಗೆ ಹೋಗುವ ಮಕ್ಕಳ ತಂದೆತಾಯಂದಿರು. ಮೊದಮೊದಲ ತಂಡಗಳವರಂತೂ ಅಜ್ಜ ಅಜ್ಜಿಯರೇ ಆಗಿಬಿಟ್ಟಿದ್ದೀರಿ. ಆದಕಾರಣ ಈ ತಕರಾರು ನಿಮಗೂ ಸಂಬಂಧಿಸಿದ್ದೇ.

ನಮ್ಮ ಹೆಬ್ಬಾಳದ ಬೀದಿಯ ಮಕ್ಕಳು ಸಂಜೆಯ ಹೊತ್ತು ಇಂಗ್ಲಿಷ್ ಪುಸ್ತಕ ಹಿಡಿದು ನಮ್ಮ ಮನೆಗೆ ಬರುವುದುಂಟು. ನಿವೃತ್ತ ಮೇಷ್ಟರ ಜಗುಲಿ ಎಂದರೆ ಶುಲ್ಕವಿಲ್ಲದ ಟ್ಯೂಷನ್ ಎಂಬುದು ಎಲ್ಲ ಊರುಗಳಲ್ಲಿಯೂ ಇರುವ ಪದ್ಧತಿ. ಅದರ ಬಗ್ಗೆ ನನಗೆ ಬೇಸರವಿಲ್ಲ. ಈ ಮಕ್ಕಳಲ್ಲಿ ಹೆಚ್ಚಿನವರು ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸಕ್ಕೆ ಹೋಗುವವರ ಮಕ್ಕಳು. ಆ ತಂದೆತಾಯಂದಿರು ತಮ್ಮ ಸಂಬಳದ ದೊಡ್ಡ ಪಾಲನ್ನು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿಗೆ ಕಟ್ಟುತ್ತಾರೆ. ಪ್ರತಿಯಾಗಿ ಮಗುವಿಗೆ ಸಿಗುವುದು ವಾರಕ್ಕೊಂದು ಪದಪಟ್ಟಿ. "ಎಂ, ಎ, ಎನ್ ಎಂಬ ಮೂರಕ್ಷರಗಳಿಂದ ಆರಂಭವಾಗುವ 25 ಪದಗಳು, ಅರ್ಥಸಹಿತ, ಶುಕ್ರವಾರ ಪರೀಕ್ಷೆ." ಮುಂದಿನ ವಾರ ಪಿ, ಇ, ಡಿ. ಅದರ ಮುಂದಿನ ವಾರ ಡಿ, ಐ, ಎಸ್. ಹೀಗೆಯೇ ವರ್ಷವಿಡೀ. ನಿಘಂಟಿನ ಪುಟವನ್ನು ಕತ್ತರಿಸಿ ಮಗುವಿನ ಬಾಯಿಗೆ ತುರುಕುವ ಈ ಕೆಲಸಕ್ಕೆ ಅವರು ಇಟ್ಟಿರುವ ಹೆಸರು 'ವೊಕ್ಯಾಬುಲರಿ ಬಿಲ್ಡಿಂಗ್'. ಕಟ್ಟಡವೇನೋ ಸರಿ, ಅಡಿಪಾಯ ಎಲ್ಲಿದೆ?

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಅಕ್ಷರಗಳು ಒಂದೇ ಆಗಿವೆ ಎಂಬ ಏಕೈಕ ಕಾರಣಕ್ಕಾಗಿ ಪದಗಳನ್ನು ಒಟ್ಟಿಗೆ ಕಲಿಸುವುದು ಅಪರಿಚಿತರನ್ನು ಒಂದೇ ಮನೆಯಲ್ಲಿ ಕೂಡಿಹಾಕಿ, ಒಡಹುಟ್ಟಿದವರನ್ನು ಬೇರೆ ಬೇರೆ ಊರಿಗೆ ಅಟ್ಟುವ ಕೆಲಸ. ಹೀಗೆ ಕಲಿತ ಮಗುವಿಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ತನಗೆ ಬುದ್ಧಿಯೇ ಇಲ್ಲವೆಂದು ಅದು ನಂಬಿಬಿಡುತ್ತದೆ.

ಮೊನ್ನೆ ಒಬ್ಬ ಹುಡುಗ ತಂದ ಎಂ-ಎ-ಎನ್ ಪಟ್ಟಿಯನ್ನೇ ನೋಡೋಣ. ಮ್ಯಾನಕಲ್, ಮ್ಯಾನೇಜ್, ಮ್ಯಾಂಡರಿನ್, ಮ್ಯಾಂಡೇಟ್, ಮೇನ್, ಮೇಂಜರ್, ಮ್ಯಾಂಗೋ, ಮೇನಿಯಾ, ಮ್ಯಾನ್ಷನ್, ಮ್ಯಾನ್ಯುಯಲ್, ಮ್ಯಾನ್ಯುಫ್ಯಾಕ್ಚರ್, ಮೆನ್ಯೂರ್, ಮ್ಯಾನ್ಯುಸ್ಕ್ರಿಪ್ಟ್... ಹೀಗೆ ಸಾಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದ ಕೂಡಲೇ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮೊದಲಕ್ಷರವೇ ಒಂದಲ್ಲ! ಒಂದು ಕಡೆ ಮ್ಯಾ, ಇನ್ನೊಂದು ಕಡೆ ಮೇ, ಮತ್ತೊಂದು ಕಡೆ ಮೆ. ಕಿವಿಗೆ ಇಲ್ಲದ ಸಾಮ್ಯವನ್ನು ಕಣ್ಣಿಗೆ ಮಾತ್ರ ತೋರಿಸಿ, ಇವೆಲ್ಲ ಒಂದು ಗುಂಪು ಎಂದು ಮಗುವಿಗೆ ಹೇಳುತ್ತಿದ್ದೇವೆ.

ಇನ್ನು ಅರ್ಥದ ಮಾತು. ಲ್ಯಾಟಿನ್ ಭಾಷೆಯಲ್ಲಿ 'ಮಾನುಸ್' ಎಂದರೆ ಕೈ. ಮ್ಯಾನ್ಯುಸ್ಕ್ರಿಪ್ಟ್ ಎಂದರೆ ಕೈಯಿಂದ ಬರೆದದ್ದು. ನಮ್ಮ 'ಹಸ್ತಪ್ರತಿ' ಅಥವಾ 'ಕೈಬರಹ'. ಮ್ಯಾನ್ಯುಯಲ್ ಎಂದರೆ 'ಕೈಪಿಡಿ'. ಮ್ಯಾನಕಲ್ ಎಂದರೆ 'ಕೈಕೋಳ'. ಮ್ಯಾನ್ಯುಫ್ಯಾಕ್ಚರ್ ಎಂದರೆ ಮೂಲದಲ್ಲಿ ಕೈಯಿಂದ ಮಾಡುವುದು; ನಮ್ಮ 'ಕೈಗಾರಿಕೆ'ಯಲ್ಲಿಯೂ ಇರುವುದು ಕೈಯೇ. ಮ್ಯಾಂಡೇಟ್ ಎಂದರೆ ಕೈಗೆ ಒಪ್ಪಿಸಿದ್ದು. ಮ್ಯಾನೇಜ್ ಎಂಬ ಶಬ್ದ ಇಟಲಿಯಿಂದ ಬಂದದ್ದು. ಅಲ್ಲಿ ಅದಕ್ಕೆ ಕುದುರೆಯನ್ನು ಕೈಯಲ್ಲಿ ಹಿಡಿದು ಪಳಗಿಸುವುದೆಂಬ ಅರ್ಥವಿತ್ತು. (ನಿಮ್ಮಲ್ಲಿ ಮ್ಯಾನೇಜರುಗಳ ಕೈಕೆಳಗೆ ದುಡಿಯುವವರಿಗೆ ಇದು ಹೊಸ ವಿಷಯವೆನಿಸಲಾರದು.) ಮೆನ್ಯೂರ್, ಎಂದರೆ ಗೊಬ್ಬರ, ಇದರ ಕಥೆ ಇನ್ನೂ ಸೊಗಸು. ಅದಕ್ಕೆ ಮೊದಲಿದ್ದ ಅರ್ಥ ಹೊಲವನ್ನು ಕೈಯಾರೆ ಉತ್ತು ಹಸನು ಮಾಡುವುದು. ಸೇನಾಧಿಪತಿಗಳ 'ಮನೂವರ್' ಎಂಬ ಯುದ್ಧತಂತ್ರದ ಮಾತೂ ಅದೇ ಮೂಲದ್ದು. ತಿಪ್ಪೆಗೂ ದಂಡಯಾತ್ರೆಗೂ ಒಂದೇ ತಾಯಿಬೇರು!

ಆದರೆ ಅದೇ ಪಟ್ಟಿಯಲ್ಲಿರುವ ಮ್ಯಾನ್ಷನ್‌ಗೆ ಕೈಯ ಸಂಬಂಧವಿಲ್ಲ. ಅದು ನೆಲೆಸುವುದು ಎಂಬರ್ಥದ ಬೇರೊಂದು ಲ್ಯಾಟಿನ್ ಧಾತುವಿನಿಂದ ಬಂದದ್ದು. ಮೇನಿಯಾ ಗ್ರೀಕರ ಹುಚ್ಚು. ಮೇನ್ ಸಿಂಹದ ಕೇಸರ. ಮೇಂಜರ್ ದನಗಳ ಗೋದಲಿ. ಅದು ತಿನ್ನುವುದಕ್ಕೆ ಸಂಬಂಧಿಸಿದ ಮಾತು. ಮ್ಯಾಂಗೋ ನಮ್ಮ ನೆರೆಯ ತಮಿಳು ಮಲಯಾಳಗಳಿಂದ ಪೋರ್ಚುಗೀಸರ ಹಡಗು ಹತ್ತಿ ಹೋದ ಮಾವಿನಕಾಯಿ. ಇನ್ನು ಮ್ಯಾಂಡರಿನ್, ಎಂದರೆ ಚೀನಾದ ಹಳೆಯ ಅಧಿಕಾರಿ. ಅವನು ಯಾರೆಂದು ಬಲ್ಲಿರಾ? ನಮ್ಮ 'ಮಂತ್ರಿ'ಯೇ! ಸಂಸ್ಕೃತದ ಮಂತ್ರಿ ಮಲಯ ಭಾಷೆಗೆ ಹೋಗಿ, ಅಲ್ಲಿಂದ ಪೋರ್ಚುಗೀಸರ ಬಾಯಿಗೆ ಬಿದ್ದು, ಇಂಗ್ಲಿಷಿನಲ್ಲಿ ಮ್ಯಾಂಡರಿನ್ ಆಗಿ ಕುಳಿತ. ಇಷ್ಟು ದೂರ ಅಲೆದು ಬಂದ ಮಂತ್ರಿಯನ್ನು ಗೋದಲಿಗೂ ಮಾವಿನಕಾಯಿಗೂ ನಡುವೆ ನಿಲ್ಲಿಸಿ, "ಶುಕ್ರವಾರದೊಳಗೆ ಇವನನ್ನು ನೆನಪಿಟ್ಟುಕೋ" ಎಂದು ಹತ್ತು ವರ್ಷದ ಮಗುವಿಗೆ ಆಜ್ಞಾಪಿಸುತ್ತಾರೆ.

ಒಡಹುಟ್ಟಿದವರನ್ನು ಊರು ಬಿಡಿಸುವುದೆಂದು ಹೇಳಿದೆನಲ್ಲ, ಅದೂ ಇಲ್ಲೇ ಇದೆ. ಮೇಂಟೇನ್ ಎಂದರೆ ಮೂಲದಲ್ಲಿ ಕೈಯಲ್ಲಿ ಹಿಡಿದಿರುವುದು. ಇಮ್ಯಾನ್ಸಿಪೇಟ್ ಎಂದರೆ ಒಡೆಯನ ಕೈಯಿಂದ ಬಿಡಿಸುವುದು. ಎರಡೂ ಕೈಯ ಮಕ್ಕಳೇ. ಆದರೆ ಒಂದು ಎಂ-ಎ-ಐ ಎಂದೂ ಮತ್ತೊಂದು ಇ-ಎಂ-ಎ ಎಂದೂ ಆರಂಭವಾಗುವುದರಿಂದ ಈ ಪಟ್ಟಿಯಲ್ಲಿ ಅವುಗಳಿಗೆ ಜಾಗವಿಲ್ಲ.

ಇದೆಲ್ಲ ಪಂಡಿತರ ಚರ್ಚೆ, ಮಕ್ಕಳಿಗೇಕೆ ಎನ್ನುವಿರಾ? ಮಕ್ಕಳಿಗೆ ಇದು ಪಂಡಿತರಿಗಿಂತ ಬೇಗ ತಿಳಿಯುತ್ತದೆ. ಕನ್ನಡದಲ್ಲಿ ಕೇಳಿದರೆ ಮಾತ್ರ. ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು. ಕಪ್ಪುಹಲಗೆಯ ನಡುವೆ 'ಕೈ' ಎಂದು ಬರೆದು, "ಇದರಿಂದ ಆರಂಭವಾಗುವ ಮಾತುಗಳನ್ನು ಹೇಳಿ" ಎನ್ನುತ್ತಿದ್ದೆ. ಐದು ನಿಮಿಷದಲ್ಲಿ ಹಲಗೆ ತುಂಬಿಹೋಗುತ್ತಿತ್ತು. ಕೈಚೀಲ, ಕೈತೋಟ, ಕೈಗಡ, ಕೈಮರ, ಕೈವಾಡ, ಕೈಗುಣ, ಕೈತುತ್ತು. ಹಿಂದಿನ ಬೆಂಚಿನಿಂದ ತಪ್ಪದೆ ಬರುತ್ತಿದ್ದದ್ದು 'ಕೈಕೊಡು'. ಆಮೇಲೆ ಯಾರಾದರೊಬ್ಬರು ಕೈಲಾಸ ಎನ್ನುವರು, ಇನ್ನೊಬ್ಬರು ಕೈದಿ ಎನ್ನುವರು. ಆಗ ನಾನು ಕೇಳುತ್ತಿದ್ದದ್ದು, "ಕೈಲಾಸಕ್ಕೂ ಕೈಗೂ ಏನು ನೆಂಟು?" ತರಗತಿಯೆಲ್ಲ ಗೊಳ್ಳೆಂದು ನಗುತ್ತಿತ್ತು. ನಗುವೇ ಪಾಠ ತಿಳಿದದ್ದಕ್ಕೆ ಸಾಕ್ಷಿ. ಕೈಲಾಸ ಸಂಸ್ಕೃತದ ಹೆಸರು. ಕೈವಲ್ಯ 'ಕೇವಲ'ದಿಂದ ಬಂದದ್ದು. ಕೈಂಕರ್ಯ 'ಕಿಂಕರ'ನಿಂದ ಹುಟ್ಟಿದ್ದು. ಕೈದಿ ಅರಬ್ಬಿಯ 'ಕೈದ್' ಎಂಬ ಸೆರೆಯಿಂದ ಬಂದವನು. ಕೈದಿಯ ಕೈಗೆ ಕೈಕೋಳ ತೊಡಿಸಬಹುದು, ಆದರೆ ಅವನ ಹೆಸರಿನಲ್ಲಿ ಕೈಯಿಲ್ಲ! ಕೊನೆಗೆ, "ಕೈಯಿಂದ ಆರಂಭವಾಗದಿದ್ದರೂ ಕೈಯ ಬಳಗಕ್ಕೆ ಸೇರಿದ ಮಾತುಗಳು ಯಾವುವು?" ಎಂದರೆ ಅಂಗೈ, ಮುಂಗೈ, ಎಡಗೈ, ಕೊಡುಗೈ ಎಂದು ತಾವಾಗಿ ಬರುತ್ತಿದ್ದವು. ಅಲ್ಲಿಗೆ ಅರ್ಧ ಗಂಟೆ. ಉಳಿದ ಹದಿನೈದು ನಿಮಿಷಗಳಲ್ಲಿ 'ಮಾನುಸ್' ಎಂಬ ಒಂದು ಮಾತನ್ನು ಹಲಗೆಯ ಮೇಲೆ ಬರೆದರೆ ಸಾಕು. ಯಾವ ಮಾತು ನೆಂಟ, ಯಾವುದು ದಾರಿಹೋಕ ಎಂದು ಹುಡುಗರೇ ತರ್ಕಿಸುತ್ತಿದ್ದರು. ಎಂಟನೆಯ ತರಗತಿಯ ಕನ್ನಡ ಮಾಧ್ಯಮದ ಮಕ್ಕಳು, ಐದನೆಯ ತರಗತಿಯಲ್ಲಿ ಮೊದಲ ಬಾರಿಗೆ ಎ ಬಿ ಸಿ ಡಿ ಕಂಡವರು!

ನಮ್ಮ ಬಡಾವಣೆಯ ಹೆಸರನ್ನೇ ಮುಂದಿಟ್ಟುಕೊಂಡು ಮತ್ತೊಂದು ಪಾಠ ಮಾಡಬಹುದು. ಹೆಬ್ಬಾಗಿಲು, ಹೆಬ್ಬೆರಳು, ಹೆಬ್ಬಾವು, ಹೆಬ್ಬಂಡೆ. ಮೊದಲಿನ 'ಹೆಬ್' ಎಂದರೆ ಹಿರಿದು, ದೊಡ್ಡದು. ಆದರೆ ಮರಕ್ಕೆ ಹತ್ತಿದರೆ ಹೆಮ್ಮರ, ದಾರಿಗೆ ಹತ್ತಿದರೆ ಹೆದ್ದಾರಿ, ತೆರೆಗೆ ಹತ್ತಿದರೆ ಹೆದ್ದೆರೆ. ಮುಂದಿನ ಅಕ್ಷರಕ್ಕೆ ಹೊಂದಿಕೊಂಡು ಅದು ವೇಷ ಬದಲಿಸುತ್ತದೆ. ಇಂಗ್ಲಿಷಿನ ನಿಷೇಧಾರ್ಥಕ 'ಇನ್' ಮಾಡುವುದೂ ಇದನ್ನೇ. ಪಾಸಿಬಲ್‌ಗೆ ಹತ್ತಿದರೆ ಇಂಪಾಸಿಬಲ್, ಲೀಗಲ್‌ಗೆ ಹತ್ತಿದರೆ ಇಲ್ಲೀಗಲ್, ರೆಗ್ಯುಲರ್‌ಗೆ ಹತ್ತಿದರೆ ಇರ್ರೆಗ್ಯುಲರ್. ಹೆದ್ದಾರಿ ಎಂದು ದಿನವೂ ನುಡಿಯುವ ಮಗುವಿಗೆ ಇಲ್ಲೀಗಲ್ ಏಕೆ ಇನ್‌ಲೀಗಲ್ ಆಗಲಿಲ್ಲ ಎಂಬುದನ್ನು ಎರಡು ನಿಮಿಷದಲ್ಲಿ ತಿಳಿಸಬಹುದು. ಅಕ್ಷರಪಟ್ಟಿಯ ಪದ್ಧತಿಯಲ್ಲಿ ಇವು ಮೂರು ಬೇರೆ ಬೇರೆ ವಾರಗಳ ಮೂರು ಬೇರೆ ಬೇರೆ ಶಿಕ್ಷೆಗಳು.

ಈ 'ಇನ್' ವಿಷಯದಲ್ಲಿ ಹುಡುಗಾಟ ಸಲ್ಲದು. ಪೆಟ್ರೋಲ್ ಸಾಗಿಸುವ ಟ್ಯಾಂಕರುಗಳ ಮೇಲೆ 'ಹೈಲಿ ಇನ್‌ಫ್ಲೇಮಬಲ್' ಎಂದು ಬರೆದಿರುವುದನ್ನು ನೋಡಿದ್ದೀರಿ. ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಇಲ್ಲಿಯ ಒಂದು ಸಣ್ಣ ಕಾರ್ಖಾನೆಗೆ ಸಹಾಯಕನಾಗಿ ಸೇರಿದ ಹೊಸತರಲ್ಲಿ ಡಬ್ಬಿಯ ಮೇಲಿನ ಆ ಮಾತನ್ನು "ಬೆಂಕಿ ಹತ್ತದ್ದು" ಎಂದೇ ಓದಿಕೊಂಡಿದ್ದನಂತೆ. ಇನ್‌ಆಕ್ಟಿವ್ ಎಂದರೆ ಚಟುವಟಿಕೆ ಇಲ್ಲದ್ದು, ಇನ್‌ವಿಸಿಬಲ್ ಎಂದರೆ ಕಾಣದ್ದು. ಹಾಗಾದರೆ ಇನ್‌ಫ್ಲೇಮಬಲ್ ಎಂದರೆ ಉರಿಯದ್ದು. ಅವನ ತರ್ಕದಲ್ಲಿ ಲೋಪವೆಲ್ಲಿದೆ? ಒಂದೇ ಅಕ್ಷರಗಳಿಂದ ಆರಂಭವಾಗುವ ಮಾತುಗಳು ಒಂದೇ ಬಗೆಯವು ಎಂದು ನಾವೇ ಪಟ್ಟಿ ಮಾಡಿ ಕಲಿಸಿದ ಮೇಲೆ ಅವನು ಬೇರೆ ಹೇಗೆ ಯೋಚಿಸಿಯಾನು? ಅಲ್ಲಿಯ 'ಇನ್' ನಿಷೇಧವಲ್ಲ. 'ಒಳಗೆ' ಎಂಬರ್ಥದ ಮತ್ತೊಂದು ಉಪಸರ್ಗ. ಒಳಗೆ ಉರಿ ಹೊತ್ತಿಸು ಎಂಬುದರಿಂದ ಬಂದ ಶಬ್ದ ಅದು. ಇಂಗ್ಲಿಷ್ ತಾಯ್ನುಡಿಯಾದವರಿಗೂ ಈ ಗೊಂದಲ ಉಂಟಾಗಿ, ಅಮೆರಿಕದ ಅಗ್ನಿಸುರಕ್ಷತೆಯವರು ಕಳೆದ ಶತಮಾನದಲ್ಲಿ ಆ 'ಇನ್' ಅನ್ನೇ ಕಿತ್ತುಹಾಕಿ 'ಫ್ಲೇಮಬಲ್' ಎಂದು ಬರೆಯಿಸತೊಡಗಿದರು. ಪುಣ್ಯಕ್ಕೆ ನಮ್ಮ ಹುಡುಗನಿಗೆ ಜೊತೆಯ ಕೆಲಸಗಾರರೊಬ್ಬರು ಅಚ್ಚಗನ್ನಡದಲ್ಲಿ ಬೈದು ತಿಳಿಸಿದರು. ಪದಪಟ್ಟಿಗಿಂತ ಆ ಬೈಗುಳವೇ ಉತ್ತಮ ಪಾಠ.

ಇನ್‌ವ್ಯಾಲ್ಯುಬಲ್ ಎಂದರೆ ಬೆಲೆಯಿಲ್ಲದ್ದು ಎಂದು ಬರೆದವರನ್ನೂ ಕಂಡಿದ್ದೇನೆ. ಆದರೆ ಯಾವ ಕನ್ನಡದ ಮಗುವೂ 'ಅಮೂಲ್ಯ' ಎಂಬುದನ್ನು ಬೆಲೆಯಿಲ್ಲದ ಕಸ ಎಂದು ತಿಳಿಯುವುದಿಲ್ಲ. ಬೆಲೆ ಕಟ್ಟಲಾಗದ್ದು ಎಂದೇ ಅದಕ್ಕೆ ಗೊತ್ತು. ಎರಡು ಮಾತುಗಳ ಕಟ್ಟಡವೂ ಒಂದೇ. ಅಮೂಲ್ಯವನ್ನು ತೋರಿಸಿ ಇನ್‌ವ್ಯಾಲ್ಯುಬಲ್ ಕಲಿಸಲು ಅಡ್ಡಿ ಏನು? ಅಡ್ಡಿ ಇಷ್ಟೇ: ತರಗತಿಯಲ್ಲಿ ಕನ್ನಡ ಮಾತನಾಡಿದರೆ ದಂಡ ಹಾಕುವ ಶಾಲೆಗಳಿವೆ. ತಾಯಿ ಕೊಟ್ಟ ಬೀಗದ ಕೈಯನ್ನು ಗೇಟಿನಲ್ಲಿಯೇ ಕಿತ್ತುಕೊಂಡು, ಒಳಗೆ ಕೂರಿಸಿ, ಬೀಗ ತೆಗೆ ಎನ್ನುವ ಜಾಣತನವಿದು.

ಬಿ.ಎಡ್. ಓದುವಾಗ ನಮಗೆ 'ಪೆಡಗಾಜಿ' ಎಂಬ ಮಾತನ್ನು ದಿನಕ್ಕೆ ಹತ್ತು ಬಾರಿ ಕೇಳಿಸುತ್ತಿದ್ದರು. ಗ್ರೀಕಿನಲ್ಲಿ 'ಪೈಸ್' ಎಂದರೆ ಮಗು. ಮಗುವನ್ನು ಕೈಹಿಡಿದು ಶಾಲೆಗೆ ಕರೆದೊಯ್ಯುತ್ತಿದ್ದ ಗುಲಾಮನೇ ಪೆಡಗಾಗ್. (ನಮ್ಮ ವೃತ್ತಿಯ ಮೂಲಪುರುಷ ಗುಲಾಮ ಎಂಬುದನ್ನು ಯಾವ ಉಪನ್ಯಾಸಕರೂ ನಮಗೆ ಹೇಳಲಿಲ್ಲ!) ಆದರೆ ಪೆಡಲ್, ಪೆಡೆಸ್ಟ್ರಿಯನ್ ಇವುಗಳಲ್ಲಿರುವುದು ಲ್ಯಾಟಿನ್ನಿನ ಪಾದ. ನಮ್ಮ 'ಪಾದ'ಕ್ಕೂ ಅದಕ್ಕೂ ನಿಜವಾದ ರಕ್ತಸಂಬಂಧವಿದೆ. ಪೆಡೆಸ್ಟ್ರಿಯನ್ ಎಂದರೆ ಅಕ್ಷರಶಃ ಪಾದಚಾರಿ. ಪೆಡಿಗ್ರೀ ಎಂಬ ವಂಶಾವಳಿಯ ಮಾತಂತೂ ಕೊಕ್ಕರೆ ಜಾತಿಯ ಹಕ್ಕಿಯ ಪಾದ ಎಂಬ ಫ್ರೆಂಚ್ ಮಾತಿನಿಂದ ಬಂದದ್ದು. ವಂಶವೃಕ್ಷದ ಗೆರೆಗಳು ಹಕ್ಕಿಯ ಹೆಜ್ಜೆಯಂತೆ ಕಂಡವಂತೆ. ಪೆಡಾಲಜಿ ಎಂದರೆ ಮಣ್ಣಿನ ಶಾಸ್ತ್ರ. ಮಗು, ಪಾದ, ಮಣ್ಣು. ಮೂರೂ ಪಿ-ಇ-ಡಿ. ನಾನಂತೂ ಮೂರು ದಶಕ ಪೆಡಗಾಜಿ ಮಾಡಿ ಈಗ ಹೆಬ್ಬಾಳ ಕೆರೆಯ ಬಳಿ ಪೆಡೆಸ್ಟ್ರಿಯನ್ ಆಗಿದ್ದೇನೆ.

ಡಿ-ಐ-ಎಸ್ ಪಟ್ಟಿಯ ಬಗ್ಗೆ ಒಂದೆರಡು ಮಾತು ಸಾಕು. ಡಿಸೀಸ್ ಎಂದರೆ ನೆಮ್ಮದಿ ತಪ್ಪಿದ್ದು. ನಮ್ಮ 'ಅಸ್ವಸ್ಥ'ದ ಹಾಗೆ. ಡಿಸಾಸ್ಟರ್ ಎಂದರೆ ನಕ್ಷತ್ರ ಕೆಟ್ಟಿದ್ದು. ನಮ್ಮ ಅಜ್ಜಿಯರು 'ಗ್ರಹಚಾರ' ಎನ್ನುತ್ತಿದ್ದರು. ಡಿಸ್ಮಲ್ ಮಾತ್ರ ಈ ಬಳಗದ್ದಲ್ಲ. ಅದು 'ಕೆಟ್ಟ ದಿನಗಳು' ಎಂಬರ್ಥದ ಎರಡು ಲ್ಯಾಟಿನ್ ಮಾತುಗಳು ಕೂಡಿ ಆದದ್ದು. ಮಧ್ಯಯುಗದ ಯೂರೋಪಿನ ಪಂಚಾಂಗಗಳಲ್ಲಿ ಪ್ರತಿ ತಿಂಗಳೂ ಅಂಥ ಅಶುಭ ದಿನಗಳನ್ನು ಗುರುತಿಸುತ್ತಿದ್ದರು. ರಾಹುಕಾಲ ನೋಡುವ ಮನೆಯ ಮಗುವಿಗೆ ಇದನ್ನು ವಿವರಿಸಬೇಕೆ?

ಇನ್ನು ಎದುರುವಾದಗಳಿಗೆ ಬರುತ್ತೇನೆ. ಮೊದಲನೆಯದು, "ನಿಘಂಟೇ ಹಾಗಿದೆಯಲ್ಲ ಸಾರ್" ಎಂಬುದು. ನಿಘಂಟು ಹಾಗಿರುವುದು ಹುಡುಕುವುದಕ್ಕೆ. ಟೆಲಿಫೋನ್ ಡೈರೆಕ್ಟರಿಯನ್ನು ಬಾಯಿಪಾಠ ಮಾಡಿ ಊರಿನವರೆಲ್ಲ ಪರಿಚಯವಾದರು ಎಂದವನನ್ನು ಏನೆನ್ನುತ್ತೀರಿ? ಇಂಗ್ಲಿಷಿಗೆ ಇಂಗ್ಲಿಷಿನಲ್ಲಿಯೇ ಅರ್ಥ ಹೇಳಿದ ಮೊದಲ ಅಕಾರಾದಿ ನಿಘಂಟು ಪ್ರಕಟವಾದದ್ದು 1604ರಲ್ಲಿ. ರಾಬರ್ಟ್ ಕಾಡ್ರಿ ಎಂಬಾತ ಅದನ್ನು ಸಂಪಾದಿಸಿದ, ಅವನೂ ಶಾಲಾಮಾಸ್ತರನಾಗಿದ್ದವನೇ. ಸುಮಾರು 2,500 ಪದಗಳ ಪುಸ್ತಕ. ಎ ಅಕ್ಷರದಿಂದ ಆರಂಭವಾಗುವ ಮಾತನ್ನು ಪುಸ್ತಕದ ಮೊದಲಿನಲ್ಲಿ ಹುಡುಕಿರಿ ಎಂದು ಅವನು ಓದುಗರಿಗೆ ಮುನ್ನುಡಿಯಲ್ಲಿ ತಿಳಿಸಿ ಹೇಳಬೇಕಾಯಿತು! ಅಕಾರಾದಿ ಎಂಬುದು ಅಂದಿಗೆ ಅಷ್ಟು ಹೊಸತು. ಕಪಾಟಿನಲ್ಲಿ ಪುಸ್ತಕ ಜೋಡಿಸುವ ಈ ಅನುಕೂಲವನ್ನು ಪಾಠಕ್ರಮವೆಂದು ಭಾವಿಸಿದವರು ನಾವು.

ಎರಡನೆಯ ವಾದ, "ನಮ್ಮ ಹಿರಿಯರೂ ಕಂಠಪಾಠ ಮಾಡಲಿಲ್ಲವೇ?" ಮಾಡಿದರು. ಕಂಠಪಾಠಕ್ಕೆ ನಾನು ವಿರೋಧಿಯಲ್ಲ. ನನ್ನಿಂದ ಮಗ್ಗಿ ತಪ್ಪಿಸಿಕೊಂಡವರು ಯಾರೂ ಇಲ್ಲ. ಆದರೆ ಹಿರಿಯರು ಕಂಠಪಾಠ ಮಾಡಿದ ಅಮರಕೋಶವನ್ನು ತೆರೆದು ನೋಡಿರಿ. ಅಲ್ಲಿ ಸ್ವರ್ಗ, ಆಕಾಶ, ದಿಕ್ಕು, ಕಾಲ; ಆಮೇಲೆ ಭೂಮಿ, ಪುರ, ಪರ್ವತ, ಸಸ್ಯ, ಪ್ರಾಣಿ, ಮನುಷ್ಯ, ಹೀಗೆ ಅರ್ಥದ ವರ್ಗಗಳಿವೆ. ಬೆಟ್ಟದ ಹೆಸರುಗಳೆಲ್ಲ ಒಂದೆಡೆ, ಮರಗಿಡಗಳೆಲ್ಲ ಒಂದೆಡೆ. ಅಕ್ಷರ ಹಿಡಿದು ಜೋಡಿಸಿರುವುದು ನಾನಾರ್ಥಗಳ ಭಾಗದಲ್ಲಿ; ಅಲ್ಲಿಯೂ ಹಿಡಿದಿರುವುದು ಮೊದಲ ಅಕ್ಷರವನ್ನಲ್ಲ, ಕೊನೆಯದನ್ನು. ಅದನ್ನು ಉರು ಹೊಡೆದ ಹುಡುಗನ ತಲೆಯಲ್ಲಿ ಒಂದು ಲೋಕದ ನಕ್ಷೆ ಉಳಿಯುತ್ತಿತ್ತು. ಎಂ-ಎ-ಎನ್ ಉರು ಹೊಡೆದ ಮಗುವಿನ ತಲೆಯಲ್ಲಿ ಶನಿವಾರ ಬೆಳಿಗ್ಗೆ ಏನು ಉಳಿದಿರುತ್ತದೆಂದು ಕೇಳಿ ನೋಡಿರಿ.

ಮೂರನೆಯದು ಸ್ಪರ್ಧಾತ್ಮಕ ಪರೀಕ್ಷೆಗಳ ಭಯ. ಬ್ಯಾಂಕು, ರೈಲ್ವೆ ಎಂದು ಹೆದರಿಸುತ್ತಾರೆ. ಅಂಥ ಪ್ರಶ್ನೆಪತ್ರಿಕೆಗಳಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕಗಳನ್ನು ಕೇಳುವುದು ನಿಜ. ಅದು ಅರ್ಥದ ನೆಂಟಸ್ತಿಕೆಯ ಪ್ರಶ್ನೆ. "ಈ ಪದದಂತೆಯೇ ಆರಂಭವಾಗುವ ಇನ್ನೊಂದು ಪದವನ್ನು ಬರೆಯಿರಿ" ಎಂದು ಯಾವ ಬ್ಯಾಂಕಿನವರು ಕೇಳಿದ್ದಾರೆ? ವಾಸ್ತವದಲ್ಲಿ, ಒಂದೇ ತೆರನಾಗಿ ಕಾಣುವ ಮಾತುಗಳನ್ನು ಒಟ್ಟಿಗೆ ಕಲಿಸಿದರೆ ಒಂದರ ಮೇಲೊಂದು ಬಿದ್ದು ಎರಡೂ ಹಾಳಾಗುತ್ತವೆ. ಅಡ್ಯಾಪ್ಟ್, ಅಡಾಪ್ಟ್, ಅಡೆಪ್ಟ್ ಮೂರನ್ನೂ ಒಂದೇ ದಿನ ಕಲಿತು ಬಂದ ಹುಡುಗನ ಉತ್ತರಪತ್ರಿಕೆಯನ್ನು ನಾನು ತಿದ್ದಿದ್ದೇನೆ. "ಹೊಸ ಊರಿನ ಹವೆಗೆ ಅವನು ದತ್ತು ಹೋದನು" ಎಂದು ಅನುವಾದಿಸಿದ್ದ.

ನನ್ನನ್ನು ಹೆಚ್ಚು ಕಾಡುವುದು ಒಂದು ಪದಕ್ಕೆ ಒಂದೇ ಅರ್ಥ ಎಂಬ ಕಟ್ಟಳೆ. ಪಟ್ಟಿಯಲ್ಲಿ ಮ್ಯಾನ್ಯುಯಲ್ ಎಂದರೆ ಕೈಪಿಡಿ ಎಂದಿದೆ. ಹುಡುಗನೂ ಹಾಗೆಯೇ ಕಲಿತಿದ್ದ. ಪತ್ರಿಕೆಯಲ್ಲಿ 'ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್' ಎಂಬ ಮಾತನ್ನು ಕಂಡು ನನ್ನಲ್ಲಿಗೆ ತಂದ. ಕಸದ ಕೈಪಿಡಿಯೇ ಸಾರ್ ಎಂದು ಕೇಳಿದ. ಮನುಷ್ಯರು ಮನುಷ್ಯರ ಮಲವನ್ನು ಕೈಯಿಂದ ಬಾಚುವ, ತಲೆಯ ಮೇಲೆ ಹೊರುವ ಪದ್ಧತಿ. ಅದನ್ನು ನಿಷೇಧಿಸಲು ಸಂಸತ್ತು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಕಾಯಿದೆ ಮಾಡಬೇಕಾಯಿತು ಎಂದು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೈಯಿಂದಲೇ ಸಾರ್?" ಎಂದ. ಶುಕ್ರವಾರದ ಪರೀಕ್ಷೆಯಲ್ಲಿ ಆ ಹುಡುಗನಿಗೆ ಮ್ಯಾನ್ಯುಯಲ್‌ಗೆ ಪೂರ್ಣ ಅಂಕ ಬಂದಿತ್ತು.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿಲ್ಲವೇ? ಕಿಟ್ಟೆಲ್ ಮಹಾಶಯರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿಯೇ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳಿಗೆ ಅರ್ಥ ಹೇಳಿ, ತಮಿಳು, ತೆಲುಗು, ಮಲಯಾಳಗಳ ನೆಂಟಪದಗಳನ್ನೂ ಪಕ್ಕದಲ್ಲಿ ಕೂರಿಸಿದರು. ಪರದೇಶದಿಂದ ಬಂದ ಪಾದ್ರಿಗೆ ನಮ್ಮ ಮಾತುಗಳ ಬಳಗ ಕಂಡಿತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದಿತು. ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ, ಒಂದು ಶಬ್ದ ಎಲ್ಲಿಂದ ಬಂತು, ಹೇಗೆ ತಿರುಗಿತು ಎಂದು ಸಾಮಾನ್ಯ ಓದುಗರಿಗೆ ವರ್ಷಗಟ್ಟಲೆ ಬಿಡಿಸಿ ಹೇಳಿದರು. 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟೇಕೆ, 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ, 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನ, ಎರಡೂ ಮಾನಸಗಂಗೋತ್ರಿಯ ಕಡೆ, ನಮ್ಮ ಹೆಬ್ಬಾಳದಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿವೆ. ಭಾಷೆ ಕಲಿಸುವ ಬಗೆಯನ್ನು ದೇಶಕ್ಕೇ ಹೇಳಿಕೊಡುವ ಊರಿನಲ್ಲಿ ಕುಳಿತು ನಾವು ಎಂ-ಎ-ಎನ್ ಜಪಿಸುತ್ತಿದ್ದೇವೆ.

ಮಾಧ್ಯಮದ ಜಗಳವನ್ನು ನಾನಿಲ್ಲಿ ಎತ್ತುವುದಿಲ್ಲ. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೆಯ ತರಗತಿಗೆ ಇಂಗ್ಲಿಷ್ ಬಂತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. 2019ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಇಂಗ್ಲಿಷ್ ಬೇಡವೆನ್ನುವ ಕನ್ನಡಾಭಿಮಾನಿ ಮಿತ್ರರೊಡನೆ ನಾನು ಎಂದೂ ಸೇರಿದವನಲ್ಲ. ಇಂಗ್ಲಿಷ್ ಪಾಠ ಹೇಳಿಯೇ ಅನ್ನ ಉಂಡವನು. ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ಮಾಧ್ಯಮ ಯಾವುದಾದರೂ ಇರಲಿ, ಹತ್ತು ವರ್ಷ ಕನ್ನಡ ಮಾತನಾಡಿ ಬೆಳೆದ ತಲೆಯನ್ನು ಖಾಲಿ ಡಬ್ಬಿಯೆಂದು ತಿಳಿದು ಕಲಿಸಬಾರದು ಎಂಬುದಷ್ಟೇ ನನ್ನ ಜಗಳ. ವಾರಕ್ಕೆ ಇಪ್ಪತ್ತೈದು ಬೇಡ, ಐದು ಮಾತು ಸಾಕು. ಆ ಐದರ ಬೇರು, ಬಳಗ, ಕನ್ನಡದಲ್ಲಿ ಅದರ ಜೊತೆಗಾರ, ಮಗುವೇ ಕಟ್ಟಿದ ಒಂದು ವಾಕ್ಯ. ವರ್ಷಕ್ಕೆ ಇನ್ನೂರು ಮಾತುಗಳಾಗುತ್ತವೆ; ಒಂದೊಂದೂ ತನ್ನ ಬಳಗದ ನಾಲ್ಕಾರನ್ನು ಎಳೆದು ತರುತ್ತದೆ.

ಪದಪಟ್ಟಿ ಕೊಡುವ ಶಿಕ್ಷಕಿಯರನ್ನು ನಾನು ದೂರುತ್ತಿಲ್ಲ. ಅವರಲ್ಲಿ ಅನೇಕರು ಅಲ್ಪ ಸಂಬಳಕ್ಕೆ ನಲವತ್ತು ಐವತ್ತು ಮಕ್ಕಳನ್ನು ಸಂಭಾಳಿಸುವವರು. ಪಟ್ಟಿಯನ್ನು ಮೇಲಿನವರು ಕೊಟ್ಟಿರುತ್ತಾರೆ, ತಿದ್ದುವುದಕ್ಕೂ ಅದೇ ಸುಲಭ. ಕೇಳಬೇಕಾದವರು ಶುಲ್ಕ ಕಟ್ಟುವವರು, ಎಂದರೆ ನೀವು. ಮುಂದಿನ ಪೋಷಕರ ಸಭೆಗೆ ಹೋದಾಗ ನಿಮ್ಮ ಮಗುವಿನ ಈ ತಿಂಗಳ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ಈ ಮಾತುಗಳನ್ನು ಒಟ್ಟಿಗೆ ಏಕೆ ಕೊಟ್ಟಿದ್ದೀರಿ ಎಂದು ವಿನಯದಿಂದ ಕೇಳಿರಿ. ಮೊದಲಕ್ಷರಗಳು ಒಂದೇ ಆದ್ದರಿಂದ ಎಂಬುದೊಂದೇ ಉತ್ತರವಾಗಿದ್ದರೆ, ಕೈಲಾಸದ ಪ್ರಶ್ನೆಯನ್ನು ಕೇಳಿ ಬನ್ನಿರಿ. ನಮ್ಮ ಬೀದಿಯ ಮಕ್ಕಳಿಗೆ ಈ ವಾರ ಪಿ-ಎ-ಎನ್ ಬಂದಿದೆ. ಪ್ಯಾನಿಕ್, ಪ್ಯಾಂಟ್ರಿ, ಪ್ಯಾಂಡೆಮಿಕ್, ಜೊತೆಗೆ ನಮ್ಮದೇ ಪಂಚಾಯತಿ. ಐದು ಜನ ಕೂಡುವ ಕಟ್ಟೆಗೂ ಊರೆಲ್ಲ ಹಬ್ಬಿದ ರೋಗಕ್ಕೂ ಏನು ಸಂಬಂಧ ಎಂದು ಅವರು ಆಗಲೇ ಕೇಳತೊಡಗಿದ್ದಾರೆ.